ನೀರುಗಂಟಿ ಪಾಲಪ್ಪ ಕಂಡ ಕಡಲತಳ

ಪಾಲಪ್ಪನ ಬಲಗೈಯ ಕೊನೆಯ ಎರಡು ಬೆರಳುಗಳು ಸದಾ ಅಂಗೈಯ ಕಡೆಗೆ ಮಡಿಸಿಕೊಂಡೇ ಇರುತ್ತವೆ. ಅದರ ಕಾರಣವನ್ನು ಕೊಡಿಗೇನಹಳ್ಳಿಯ ಸಂತೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ರಾಮೇಶ್ವರದ ಕಡಲಿನಲ್ಲಿ ಮುಳುಗಿದಾಗ ಅವನು ಕಡಲೆಕಾಳಿನಷ್ಟು ದಪ್ಪದ ಮುತ್ತೊಂದನ್ನು ಕದ್ದನಂತೆ. ದೋಣಿಯವರ ಕಣ್ಣಿಗೆ ಬೀಳದಿರಲೆಂದು ಅದನ್ನು ಆ ಎರಡು ಬೆರಳುಗಳಲ್ಲಿ ಬಿಗಿಹಿಡಿದನಂತೆ. ಗಂಗಮ್ಮ ಮುನಿದು ಬೆರಳುಗಳನ್ನು ಹಾಗೆಯೇ ಕಟ್ಟಿಬಿಟ್ಟಳಂತೆ. ಮುತ್ತು ಇನ್ನೂ ಅಲ್ಲೇ ಇದೆಯೆಂದೂ ಅವನು ಕಣ್ಣು ಮುಚ್ಚಿದ ದಿನವೇ ಅದು ಹೊರಬೀಳುವುದೆಂದೂ ವೀಳ್ಯದೆಲೆ ಮಾರುವ ಹೆಂಗಸರು ಆಣೆಯಿಟ್ಟು ಹೇಳುತ್ತಾರೆ.

ಮುತ್ತಿಲ್ಲ. ನೋಡಬೇಕೆಂದು ಕೇಳಿದವರಿಗೆ ಪಾಲಪ್ಪ ತನ್ನ ಎಡಗೈಯಿಂದ ಆ ಬೆರಳುಗಳನ್ನು ಒಂದೊಂದಾಗಿ ಎತ್ತಿ ತೋರಿಸುತ್ತಾನೆ. ಒಳಗೆ, ಕಿರುಬೆರಳಿನ ಬುಡದಲ್ಲಿ, ಸಾಸಿವೆಯಷ್ಟು ಸಣ್ಣ ಮೂರು ಕಪ್ಪು ಚುಕ್ಕೆಗಳಿವೆ. ಅವು ಕಲ್ಲಿನ ವೇಷದಲ್ಲಿದ್ದ ಒಂದು ಮೀನಿನ ಮುಳ್ಳು ಹೊಕ್ಕ ಗುರುತುಗಳು. ಅವನು ಕಡಲಿಗಿಳಿದದ್ದು ನಿಜ, ನಾಲ್ಕು ವರ್ಷ ಅಲ್ಲಿ ದುಡಿದದ್ದೂ ನಿಜ. ಆದರೆ ಮುತ್ತಿನ ಚಿಪ್ಪನ್ನು ಅವನು ಒಮ್ಮೆಯೂ ಮುಟ್ಟಲಿಲ್ಲ.

ಪಾಲಪ್ಪನ ಊರು ಕರೇಕಲ್ಲಹಳ್ಳಿ, ಕೊಡಿಗೇನಹಳ್ಳಿಗೆ ಒಂದೂವರೆ ಮೈಲಿ. ಅವನ ತಂದೆ ಮೂಡಲಗಿರಿಯಪ್ಪ ಆ ಊರ ಕೆರೆಯ ನೀರುಗಂಟಿಯಾಗಿದ್ದ. ತೂಬನ್ನು ತೆಗೆದು ಮುಚ್ಚುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಬೇಕೆಂಬುದನ್ನು ನೋಡಿಕೊಳ್ಳುವುದು ಆ ಮನೆತನದ ಕೆಲಸ. ತಂದೆ ಕೆರೆಯನ್ನು ಕಾಯುತ್ತಿದ್ದಾಗ ಮಗ ಬಾವಿಗಳಿಗೆ ಇಳಿಯುತ್ತಿದ್ದ. ಹಗ್ಗ ಹರಿದು ಬಾವಿಗೆ ಬಿದ್ದ ಕೊಡವನ್ನು ಮೊದಲು ಪಾತಾಳಗರಡಿ ಬಿಟ್ಟು ಹುಡುಕುವುದು ವಾಡಿಕೆ. ಗೊಂಚಲು ಗೊಂಚಲಾಗಿ ಕೊಕ್ಕೆಗಳಿರುವ ಆ ಕಬ್ಬಿಣದ ಸಾಧನಕ್ಕೂ ಕೊಡ ಸಿಗದಿದ್ದರೆ ಪಾಲಪ್ಪನಿಗೆ ಹೇಳಿಕಳುಹಿಸುತ್ತಿದ್ದರು. ಅವನು ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಎದೆಯ ತುಂಬ ಉಸಿರೆಳೆದು ಮುಳುಗುತ್ತಿದ್ದ. ಎಂಟು ಆಳಿನ ಬಾವಿಯ ತಳದಲ್ಲಿ ಬೆಳಕಿಲ್ಲ. ಅಲ್ಲಿ ಕಣ್ಣು ಮಾಡಬೇಕಾದ ಕೆಲಸವನ್ನೆಲ್ಲ ಕೈಯೇ ಮಾಡಬೇಕು. ಇದು ತಾಮ್ರ, ಇದು ಮಡಕೆಯ ಚೂರು, ಇದು ಹಾವಿನ ಪೊರೆ ಎಂದು ಅವನ ಬೆರಳುಗಳು ತಡವಿ ತಿಳಿಯುತ್ತಿದ್ದವು.

ಆ ಸೀಮೆಯ ಬಾವಿ ಮುಳುಗುವವರಲ್ಲಿ ಒಂದು ಕಟ್ಟಳೆಯಿತ್ತು. ಕೊಡ ಸಿಕ್ಕಲಿ ಸಿಗದಿರಲಿ, ಎದ್ದು ಬರುವವನು ತಳದಿಂದ ಒಂದು ಹಿಡಿ ತರಲೇಬೇಕು. ಕೆಸರೋ ಮರಳೋ ಗೊರಜೋ, ಅದನ್ನು ಬಾವಿಕಟ್ಟೆಯ ಮೇಲೆ ನಿಂತವರ ಮುಂದೆ ಬಿಚ್ಚಿ ತೋರಿಸಬೇಕು. ಅದಕ್ಕೆ ‘ತಳದ ಹಿಡಿ’ ಎಂದು ಹೆಸರು. ಹಿಡಿ ತಾರದವನು ಅರ್ಧಕ್ಕೇ ತಿರುಗಿ ಬಂದನೆಂದು ಲೆಕ್ಕ. ‘ಕೊಡ ಅಲ್ಲಿಲ್ಲ’ ಎಂಬ ಅವನ ಮಾತಿಗೆ ಬೆಲೆಯಿಲ್ಲ. ನೀರಿನಡಿಯ ಸಂಗತಿಗೆ ಮುಳುಗಿದವನೊಬ್ಬನೇ ಸಾಕ್ಷಿಯಾದ್ದರಿಂದ ಆ ಸಾಕ್ಷಿಯನ್ನು ಪರೀಕ್ಷಿಸಲು ಹಳಬರು ಕಂಡುಕೊಂಡಿದ್ದ ದಾರಿ ಇದೊಂದೇ.

ಈ ಕಟ್ಟಳೆಯೇ ಅವನನ್ನು ಕಡಲಿಗೆ ಕರೆದೊಯ್ದಿತು. ಸಾವಿರದ ಒಂಬೈನೂರ ಇಪ್ಪತ್ತನಾಲ್ಕರಲ್ಲಿ ಮಧುಗಿರಿಯ ವಕೀಲರೊಬ್ಬರ ತಾಯಿ ಇಂದ್ರಮ್ಮನವರು ರಾಮೇಶ್ವರಕ್ಕೆ ಹೊರಟರು. ಅವರ ಮನೆಯ ಬಾವಿಯಿಂದ ಮದುವೆಯ ಹಂಡೆಯನ್ನು ಎತ್ತಿಕೊಟ್ಟಿದ್ದ ನಂಬಿಕೆಗೆ, ಗಂಟು ಹೊರಲು ಪಾಲಪ್ಪನನ್ನೇ ಕರೆದುಕೊಂಡರು. ಹಿಂದೂಪುರದಲ್ಲಿ ರೈಲು ಹತ್ತಿದವರು ನಾಲ್ಕನೆಯ ದಿನ ಪಾಂಬನ್ ಎಂಬ ದಡದ ಊರಿನಲ್ಲಿ ಇಳಿದು, ಛತ್ರದಲ್ಲಿ ಒಂದು ದಿನ ತಂಗಿದರು. ಅಂದು ಮಧ್ಯಾಹ್ನ ಪಾಲಪ್ಪ ದಡದಲ್ಲಿ ಕುಳಿತಿದ್ದಾಗ ಹತ್ತಿರದ ದೋಣಿಯೊಂದರಿಂದ ತಗಡಿನ ಡಬ್ಬಿಯೊಂದು ನೀರಿಗೆ ಬಿತ್ತು. ದೋಣಿಯಲ್ಲಿದ್ದವರು ಮದರಾಸಿನ ಕಾಲೇಜಿನ ಮೇಷ್ಟ್ರು. ಕಡಲಿನ ಜೀವಿಗಳನ್ನು ಹಿಡಿಸಿ, ಗಾಜಿನ ಜಾಡಿಗಳಲ್ಲಿಟ್ಟು, ಅವುಗಳ ವಿಷಯ ಬರೆದುಕೊಳ್ಳುವುದು ಅವರ ವೃತ್ತಿ. ಡಬ್ಬಿಯಲ್ಲಿ ಅವರ ಚಿಮಟ, ಕತ್ತರಿ, ಸಣ್ಣ ಉಳಿಗಳಿದ್ದವು. ಆ ಊರಿನ ಮುಳುಗುಗಾರರೆಲ್ಲ ಶಂಖ ತೆಗೆಯಲು ಹೋಗಿದ್ದರು.

ಪಾಲಪ್ಪ ಕೇಳದೆಯೇ ನೀರಿಗಿಳಿದ. ಎರಡನೆಯ ಮುಳುಗಿಗೆ ಡಬ್ಬಿ ಅವನ ಎಡತೋಳಿನಲ್ಲಿತ್ತು. ಬಲಗೈ ಮುಷ್ಟಿ ಕಟ್ಟಿತ್ತು. ದೋಣಿಯ ಅಂಚಿಗೆ ಬಂದು ಆ ಮುಷ್ಟಿಯನ್ನು ಮೇಷ್ಟ್ರ ಮುಂದೆ ಬಿಚ್ಚಿದ. ಬೆಳ್ಳನೆಯ ಮರಳು, ಹವಳದ ಚೂರುಗಳು, ಅವುಗಳ ನಡುವೆ ಅಂಗಿಯ ಗುಂಡಿಯಷ್ಟು ಚಿಕ್ಕ ಮೈಗೆ ಐದು ದಾರದಂಥ ಕೈಗಳಿದ್ದ ಜೀವಿಯೊಂದು ಒದ್ದಾಡುತ್ತಿತ್ತು.

ಮೇಷ್ಟ್ರ ಮನೆಮಾತು ತೆಲುಗು. ಪಾವಗಡದ ಕಡೆಯ ನೆಂಟರಿದ್ದ ಪಾಲಪ್ಪನಿಗೂ ತೆಲುಗು ಬರುತ್ತಿತ್ತು. ‘ಡಬ್ಬಿ ಸರಿ, ಇದನ್ನೇಕೆ ತಂದೆಯಪ್ಪ?’ ಎಂದು ಅವರು ಕೇಳಿದರು.

‘ತಳ ಮುಟ್ಟಿದೆ ಅಂತ ನೀವು ನಂಬಬೇಕಲ್ಲ’ ಎಂದ ಪಾಲಪ್ಪ.

ಮೇಷ್ಟ್ರು ನಕ್ಕರು. ಬಳಿಕ ಆ ಹಿಡಿಯನ್ನು ಒಂದು ತಟ್ಟೆಗೆ ಸುರಿದುಕೊಂಡು ಬಹಳ ಹೊತ್ತು ನೋಡುತ್ತ ಕುಳಿತರು. ಶಂಖಕ್ಕೆ ಮುಳುಗುವವರು ಶಂಖವೊಂದನ್ನೇ ತರುತ್ತಿದ್ದರು. ಸಿಕ್ಕಿದ್ದನ್ನು ಸಿಕ್ಕಂತೆಯೇ ತಂದು ತೋರಿಸುವವನೊಬ್ಬ ತಮಗೆ ಬೇಕಾಗಿದ್ದಾನೆಂದು ಅವರು ಇಂದ್ರಮ್ಮನವರಿಗೆ ಹೇಳಿಕಳುಹಿಸಿದರು. ಇಂದ್ರಮ್ಮನವರು ಯಾತ್ರೆ ಮುಗಿಸಿ ಬೇರೊಬ್ಬರ ಜೊತೆ ಊರಿಗೆ ಮರಳಿದರು. ಪಾಲಪ್ಪ ಉಳಿದ. ಮುಂದಿನ ಮೂರು ವರ್ಷವೂ ದೀಪಾವಳಿ ಕಳೆದ ಮೇಲೆ ಹೊರಟು, ಯುಗಾದಿಯ ಹೊತ್ತಿಗೆ ಊರಿಗೆ ಬರುತ್ತಿದ್ದ.

ಕಡಲಿನಲ್ಲಿ ಅವನಿಗೆ ಮೊದಲು ಅಚ್ಚರಿ ತಂದದ್ದು ಬೆಳಕು. ಮೇಷ್ಟ್ರು ಮರದ ಚೌಕಟ್ಟಿಗೆ ಗಾಜು ಕೂರಿಸಿ, ಅಂಚಿಗೆ ಮೇಣ ಮೆತ್ತಿ, ಕಣ್ಣಿಗೆ ಬಿಗಿಯಾಗಿ ಕಟ್ಟಿಕೊಳ್ಳುವ ಕನ್ನಡಕವೊಂದನ್ನು ಮಾಡಿಕೊಟ್ಟಿದ್ದರು. ಗಾಳಿಯಿಲ್ಲದ ದಿನ ಅದನ್ನು ಕಟ್ಟಿಕೊಂಡು ಮುಳುಗಿದರೆ ಹವಳದ ಬಂಡೆಗಳು ಕೊನೆಯವರೆಗೂ ಕಾಣುತ್ತಿದ್ದವು. ಹದಿನೈದು ವರ್ಷ ನೀರಿನ ತಳವನ್ನು ಬೆರಳಿನಿಂದಲೇ ಬಲ್ಲವನಾಗಿದ್ದ ಅವನು, ಮೊದಲ ದಿನ ತಂದ ಹಿಡಿಯನ್ನು ಬಿಚ್ಚಲೂ ಮರೆತು ದೋಣಿಯ ಅಂಚು ಹಿಡಿದು ಸುಮ್ಮನೆ ತೇಲುತ್ತಿದ್ದನಂತೆ.

ಆದರೂ ಕೈಯ ಅಭ್ಯಾಸ ಒಂದು ದಿನದಲ್ಲಿ ಹೋಗುವುದಲ್ಲ. ಬಾವಿಯವನ ಕೈ ಕಣ್ಣಿಗಿಂತ ಮುಂದೆ ಹೋಗುತ್ತದೆ. ಹದಿನೈದನೆಯ ದಿನವೋ ಏನೋ, ತಳದಲ್ಲಿ ತುಸು ನಿಲ್ಲಲೆಂದು ಅವನು ಪಾಚಿ ಹಿಡಿದ ಒಂದು ಕಲ್ಲಿನ ಮೇಲೆ ಬಲಗೈ ಊರಿದ. ಕಲ್ಲು ಅಲುಗಾಡಿತು. ಕಲ್ಲಿಗೆ ಬಾಯಿಯಿತ್ತು, ಮೇಲ್ಗಡೆ ನೋಡುವ ಎರಡು ಕಣ್ಣುಗಳಿದ್ದವು. ಮುಳ್ಳುಗಳು ಹೊಕ್ಕ ಕೈಯನ್ನು ಬೆಂಕಿಗೆ ಹಿಡಿದಂತಾಯಿತು. ಮೇಷ್ಟ್ರ ದೋಣಿ ನಡೆಸುತ್ತಿದ್ದ ಮುದುಕ ಅವನನ್ನು ದಡಕ್ಕೆ ಹೊತ್ತೊಯ್ದು, ತಾಳಬಲ್ಲಷ್ಟು ಬಿಸಿಯಾದ ನೀರಿನಲ್ಲಿ ಕೈಯನ್ನು ಸಂಜೆಯವರೆಗೆ ಅದ್ದಿ ಹಿಡಿದ. ಜೀವ ಉಳಿಯಿತು, ಎರಡು ಬೆರಳು ಮಡಿಸಿಕೊಂಡವು. ಅಂದಿನಿಂದ ಪ್ರತಿ ಮುಳುಗಿಗೂ ಮುಂಚೆ ಮೇಷ್ಟ್ರು ಅದೇ ಎರಡು ತೆಲುಗು ಮಾತು ಹೇಳುತ್ತಿದ್ದರು: ‘ಚೂಡು, ಮುಟ್ಟುಕೋಕು.’ ನೋಡು, ಮುಟ್ಟಬೇಡ.

ಅವನು ನೋಡಲು ಕಲಿತ. ಎಳೆಯ ಪೈರಿನ ಹಾಗೆ ತೂಗಾಡುವ ತೋಳುಗಳುಳ್ಳ, ಹೂವಿನಂಥ ಪ್ರಾಣಿಯೊಂದಿತ್ತು. ತಾಗಿದ ಮೀನನ್ನು ಅದು ಕೊಂದು ತಿನ್ನುತ್ತದೆ. ಆದರೆ ಕಿತ್ತಳೆ ಮೈಗೆ ಬಿಳಿ ಪಟ್ಟೆಯುಳ್ಳ ಮೀನೊಂದು ಅದರ ನಡುವೆಯೇ ಸಂಸಾರ ಹೂಡಿತ್ತು. ಪಾಲಪ್ಪ ಸಮೀಪ ಹೋದರೆ ಆ ಹೆಬ್ಬೆರಳುದ್ದದ ಮೀನು ಹೊರಬಂದು ಕನ್ನಡಕದ ಗಾಜಿಗೆ ಗುದ್ದುತ್ತಿತ್ತು. ಎಂಟು ತೋಳಿನ, ಎಲುಬಿಲ್ಲದ ಇನ್ನೊಂದು ಪ್ರಾಣಿ ಬಂಡೆಯ ಮೇಲೆ ಕುಳಿತರೆ ಬಂಡೆಯ ಬಣ್ಣ, ಮರಳಿಗಿಳಿದರೆ ಮರಳಿನ ಬಣ್ಣ. ಊರಿನ ಬೇಲಿಯ ಓತಿಕ್ಯಾತ ಬಣ್ಣ ಬದಲಿಸಲು ಹೊತ್ತು ತೆಗೆದುಕೊಳ್ಳುತ್ತದೆ. ಇದು ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ಬೇರೆಯಾಗುತ್ತಿತ್ತು, ಬಣ್ಣದ ಜೊತೆಗೆ ಮೈಯ ಉಬ್ಬುತಗ್ಗೂ. ಬಲಿತ ಹೀರೆಕಾಯಿಯಂತೆ ಮರಳಿನಲ್ಲಿ ಬಿದ್ದಿರುವ ಮತ್ತೊಂದನ್ನು ಹಿಡಿದೆತ್ತಿದರೆ ಅದು ತನ್ನ ಕರುಳನ್ನೇ ಹೊರಕ್ಕೆ ಕಕ್ಕಿಬಿಡುತ್ತಿತ್ತು. ಕರುಳು ಕಳೆದುಕೊಂಡದ್ದನ್ನು ಮೇಷ್ಟ್ರು ತೊಟ್ಟಿಯಲ್ಲಿಟ್ಟು ನೋಡಿದರು. ಕೆಲವು ವಾರ ಬಿಟ್ಟು ಕೊಯ್ದಾಗ ಒಳಗೆ ಹೊಸ ಕರುಳು ಬೆಳೆದಿತ್ತು.

ಪಾಲಪ್ಪನಿಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು ಗಿಳಿಯ ಕೊಕ್ಕಿನ ಮೀನು. ಅದು ಹಗಲೆಲ್ಲ ಹವಳದ ಕಲ್ಲನ್ನು ಕಡಿಯುತ್ತದೆ, ಕಡಿದದ್ದನ್ನು ಹೊಟ್ಟೆಯಲ್ಲಿ ಬೀಸುತ್ತದೆ, ಹಿಂದಿನಿಂದ ಬೆಳ್ಳನೆಯ ಮರಳನ್ನು ಬಿಡುತ್ತ ಈಜುತ್ತದೆ. ನೀರಿನಲ್ಲಿ ಕಿವಿಗೊಟ್ಟರೆ ಅದು ಕಲ್ಲು ಕಡಿಯುವ ಸದ್ದು ರಾಗಿ ಬೀಸುವ ಸದ್ದಿನಂತೆ ಕೇಳುತ್ತಿತ್ತು. ತಾನು ಹಿಡಿ ಹಿಡಿಯಾಗಿ ತರುತ್ತಿದ್ದ ಮರಳಿನಲ್ಲಿ ಬಹುಪಾಲು ಆ ಮೀನಿನ ಹೊಟ್ಟೆಯಿಂದ ಬಂದದ್ದೆಂದು ತಿಳಿದ ದಿನ ಅವನು ಒಬ್ಬನೇ ನಕ್ಕುಕೊಂಡ.

ಬಂಡೆಗೆ ಅಂಟಿಕೊಂಡ ಜೀವಿಗಳನ್ನು ಬಿಡಿಸುವ ಕೆಲಸವೂ ಅವನದೇ ಆಯಿತು. ಉಳಿಯನ್ನು ಎಡಗೈಯಲ್ಲಿ ಹಿಡಿದು, ಒಂದು ಉಸಿರಿಗೆ ಏಳೆಂಟು ಸಣ್ಣ ಏಟು. ಜೀವಿಯೂ ಒಡೆಯಕೂಡದು, ಬಂಡೆಯೂ ಸೀಳಕೂಡದು. ಒಂದೊಂದನ್ನು ಬಿಡಿಸಲು ಅರ್ಧ ದಿನ ಹಿಡಿಯುತ್ತಿತ್ತು.

ಕೊನೆಯ ವರ್ಷ ಮೇಷ್ಟ್ರ ಗುಡಿಸಲಿನ ಜಾಡಿಯೊಂದರಲ್ಲಿ ಕುದುರೆ ಮುಖದ, ಬಾಲವನ್ನು ಸುರುಳಿ ಸುತ್ತಿ ಹುಲ್ಲನ್ನು ಹಿಡಿದು ನಿಲ್ಲುವ ಒಂದು ಮೀನಿತ್ತು. ಅದರ ಹೊಟ್ಟೆಯ ಮುಂದಿನ ಚೀಲ ಉಬ್ಬಿಕೊಂಡಿತ್ತು. ಸಂಜೆ ಪಾಲಪ್ಪ ಅದನ್ನು ನೋಡಿ ಹೋದ. ಬೆಳಿಗ್ಗೆ ಬಂದಾಗ ಚೀಲ ಇಳಿದಿತ್ತು, ಜಾಡಿಯ ತುಂಬ ಕೂದಲೆಳೆಯಂಥ ಮರಿಕುದುರೆಗಳು ನೆಟ್ಟಗೆ ನಿಂತು ತೇಲುತ್ತಿದ್ದವು. ‘ಹೆತ್ತದ್ದು ಗಂಡು’ ಎಂದರು ಮೇಷ್ಟ್ರು. ಹೆಣ್ಣು ಮೊಟ್ಟೆಯನ್ನು ಗಂಡಿನ ಚೀಲದಲ್ಲಿಟ್ಟು ಹೋಗುತ್ತದೆ, ಹೊರುವುದೂ ಹೆರುವುದೂ ಗಂಡೇ. ಕೆಲವು ದಿನದ ಮೇಲೆ ಸತ್ತ ಆ ಕಡಲಕುದುರೆಯನ್ನು ಒಣಗಿಸಿ ಪಾಲಪ್ಪನ ಕೈಗಿತ್ತರು. ಅದನ್ನೂ, ಬಟ್ಟೆಯಲ್ಲಿ ಕಟ್ಟಿದ ನಾಲ್ಕು ಹಿಡಿ ಮರಳನ್ನೂ ತೆಗೆದುಕೊಂಡು ಅವನು ಇಪ್ಪತ್ತೆಂಟರ ಯುಗಾದಿಗೆ ಊರು ಸೇರಿದ.

ಊರಿನವರು ಮೊದಮೊದಲು ಖುಷಿಯಿಂದಲೇ ಕೇಳಿದರು. ಕಲ್ಲಾಗಿದ್ದ ಮೀನನ್ನು ಒಪ್ಪಿದರು, ಬೆರಳು ಎದುರಿಗಿತ್ತಲ್ಲ. ಕರುಳು ಕಕ್ಕುವುದನ್ನು ಅರ್ಧ ಒಪ್ಪಿದರು. ಒಂದು ಸಂಜೆ ಅರಳಿಕಟ್ಟೆಯ ಮೇಲೆ ಕಡಲಕುದುರೆಯ ಸರದಿ ಬಂತು. ಕೇಳುತ್ತಿದ್ದವರ ಮುಂದೆ ಕುಳಿತಿದ್ದವನು ಚಿಕ್ಕಹನುಮಯ್ಯ, ಪಾಲಪ್ಪನ ಚಿಕ್ಕಪ್ಪನ ಮಗ.

‘ಏನಂದೆ ಪಾಲಣ್ಣ, ಗಂಡ್ ಮೀನು ಮರಿ ಹಾಕ್ತದಾ?’

‘ಹಾಕ್ತದೆ ಕಣ್ಲಾ. ಹೊಟ್ಟೆ ಮ್ಯಾಲೆ ಚೀಲ ಐತೆ. ನಾನೇ ಕಣ್ಣಾರೆ ಕಂಡಿವ್ನಿ.’

‘ಅಂಗಾದ್ರೆ ಬಾಣಂತನ ಯಾರ್ ಮಾಡುದ್ರು? ಬಿಸ್ನೀರು ನೀನೇ ಉಯ್ದಾ?’

ಕಟ್ಟೆಯೇ ನಕ್ಕಿತು. ಪಾಲಪ್ಪ ಒಣಗಿದ ಕುದುರೆಯನ್ನು ತಂದು ತೋರಿಸಿದ. ರಾಮೇಶ್ವರದ ಅಂಗಡಿಯಲ್ಲಿ ಮಾರುವ ಮರದ ಗೊಂಬೆ ಅದು ಎಂದರು. ಆ ಊರಿನ ಸೂಲಗಿತ್ತಿ ಬೊಮ್ಮಕ್ಕ ದಾರಿಯಲ್ಲಿ ಸಿಕ್ಕಾಗಲೆಲ್ಲ, ‘ಬಸ್ರಿ ಗಂಡ್ಸು ಯಾರಾನ ಇದ್ರೆ ಹೇಳ್ಕಳ್ಸಪ್ಪ, ನಲವತ್ತೊರ್ಸದಿಂದ ಹೆಂಗುಸ್ರುನ್ನೇ ನೋಡಿ ಸಾಕಾಗೈತೆ’ ಎನ್ನುತ್ತಿದ್ದಳು. ಪಾಲಪ್ಪನ ಹೆಸರು ‘ಗಂಡುಬಸುರಿ ಪಾಲ’ ಎಂದಾಯಿತು. ಮುತ್ತಿನ ಕತೆ ಹುಟ್ಟಿದ್ದೂ ಆಗಲೇ. ಸುಳ್ಳನೆಂದು ಒಮ್ಮೆ ಹೆಸರಾದವನನ್ನು ಕಳ್ಳನೆನ್ನಲು ಹೆಚ್ಚು ಕಷ್ಟವಿಲ್ಲ.

ಅವನ ಹೆಂಡತಿ ಕದರಮ್ಮ ಮಾತ್ರ ನಗಲಿಲ್ಲ. ರೊಟ್ಟಿ ತಟ್ಟುತ್ತ ಒಂದೇ ಮಾತು ಕೇಳಿದಳು: ‘ಅದು ಹೆರೋವಾಗ ನೀನೆಲ್ಲಿದ್ದೆ?’

‘ಮಲಗಿದ್ದೆ.’

‘ಅಂಗಾದ್ರೆ ಕಣ್ಣಾರೆ ಕಂಡೆ ಅಂತ ಯಾಕಂದೆ?’

ಕದರಮ್ಮ ಮರಳಿನ ನಾಲ್ಕು ಗಂಟುಗಳನ್ನೂ ಒಣಗಿದ ಕುದುರೆಯನ್ನೂ ಗೂಡಿನಲ್ಲಿ, ಉಪ್ಪಿನ ಗಡಿಗೆಯ ಪಕ್ಕ ಇಟ್ಟಳು.

ಮೂವತ್ತೆರಡರಲ್ಲಿ ಮೂಡಲಗಿರಿಯಪ್ಪ ತೀರಿಕೊಂಡ. ವಾಡಿಕೆಯಂತೆ ನೀರುಗಂಟಿಕೆ ಮಗನಿಗೆ ಬರಬೇಕು. ಪಟೇಲ ವೀರಭದ್ರಯ್ಯ ತೀರ್ಮಾನವನ್ನು ಮುಂದೂಡಿದರು. ತೂಬಿನ ಕೆಲಸವೆಲ್ಲ ನೀರಿನಡಿಯದು. ಅಲ್ಲಿ ಏನಾಗಿದೆಯೆಂದು ಹೇಳುವವನ ಬಾಯಿಯ ಮೇಲೆ ಊರಿನ ಗದ್ದೆಗಳೆಲ್ಲ ನಿಂತಿರುತ್ತವೆ. ಕತೆ ಕಟ್ಟುವವನಿಗೆ ಅದನ್ನು ವಹಿಸುವುದು ಹೇಗೆಂದು ಹಿರಿಯರ ಶಂಕೆ. ಚಿಕ್ಕಹನುಮಯ್ಯನಿಗೂ ಆ ಕೆಲಸದ ಮೇಲೆ ಆಸೆಯಿತ್ತು. ಒಂದು ವರ್ಷ ಇಬ್ಬರೂ ಸರದಿಯ ಮೇಲೆ ತೂಬು ನೋಡಿಕೊಂಡರು.

ಮಾರನೆಯ ವರ್ಷ ಮಳೆ ಚೆನ್ನಾಗಿ ಆಗಿ ಜಯಮಂಗಲಿ ಹೊಳೆ ಹರಿಯಿತು, ಕರೇಕಲ್ಲಹಳ್ಳಿಯ ಕೆರೆ ಕೋಡಿ ಬಿತ್ತು. ನಾಟಿ ಮುಗಿದು ಗದ್ದೆಗಳು ನೀರಿಗೆ ಕಾಯುತ್ತಿದ್ದಾಗ ತೂಬು ತೆಗೆಯಲು ಹೋದರೆ ಬಿರಡೆ ಮೇಲೇಳಲಿಲ್ಲ. ಆ ಕೆರೆಯ ತೂಬು ಹಳೆಯ ಕಾಲದ್ದು. ನೀರಿನಡಿಯ ಚಪ್ಪಡಿಯಲ್ಲೊಂದು ತೂತು, ತೂತಿಗೆ ಮರದ ಬಿರಡೆ, ಬಿರಡೆಗೆ ಕಟ್ಟಿದ, ಗಳು ಎಂಬ ಉದ್ದನೆಯ ಮರದ ಕೋಲು. ಎರಡು ಕಲ್ಲುಕಂಬಗಳ ನಡುವೆ ನೀರಿನ ಮೇಲೆ ಬಂದಿರುವ ಆ ಗಳುವನ್ನು ಎತ್ತಿದರೆ ಬಿರಡೆ ಬಿಟ್ಟು ನೀರು ಏರಿಯಾಚೆಯ ಕಾಲುವೆಗೆ ಹರಿಯುತ್ತದೆ. ಆರು ಜನ ಎತ್ತಿದರೂ ಗಳು ಅಲುಗಲಿಲ್ಲ.

‘ಮರ ಊದ್ಕಂಡೈತೆ ಅಷ್ಟೇಯ. ಮಿಣಿ ಕಟ್ಟಿ ನಾಕು ಜೊತೆ ಎತ್ತಿನಾಗೆ ಏರಿ ಮ್ಯಾಲಿಂದ ಎಳುಸ್ಬುಟ್ರೆ ಬತ್ತದೆ’ ಎಂದ ಚಿಕ್ಕಹನುಮಯ್ಯ. ಎತ್ತುಗಳೂ ಬಂದವು.

ಪಾಲಪ್ಪ ಪಟೇಲರ ಮುಂದೆ ಬಂದು ನಿಂತ. ‘ಬುದ್ಧಿ, ಕಟ್ಟೋಕ್ ಮುಂಚೆ ಒಂದ್ ಕಿತ ಮುಳುಗ್ ನೋಡ್ತೀನಿ.’

ಕಡಲಿನ ಕನ್ನಡಕ ಕಟ್ಟಿಕೊಂಡು ಅವನು ಮೂರು ಸಲ ಮುಳುಗಿದ. ಕೆಂಪು ನೀರಿನಲ್ಲಿ ಮೊಳದಾಚೆ ಏನೂ ಕಾಣದು. ಆದರೂ ಮುಖವನ್ನು ಚಪ್ಪಡಿಯ ಹತ್ತಿರ ಒಯ್ದು ಮೊದಲು ನೋಡಿದ, ಆಮೇಲೆ ಮುಟ್ಟಿದ. ಮೇಲೆ ಬಂದು ಎಡಗೈ ಬಿಚ್ಚಿದಾಗ ಅಂಗೈಯಲ್ಲಿ ಕೆಸರಿರಲಿಲ್ಲ. ಬೆಳ್ಳನೆಯ ಗಾರೆಯ ತುಂಡುಗಳಿದ್ದವು.

‘ಚಪ್ಪಡಿ ಕೆಳುಗ್ಲ ಗಾರೆ ಬುಟ್ಟೈತೆ ಬುದ್ಧಿ. ಕಲ್ಲು ಒಂದ್ ಮಗ್ಗುಲಿಗೆ ವಾಲ್ಕಂಡು ಬಿರಡೇನ ಕಚ್ಕಂಡೈತೆ. ಎತ್ತು ಕಟ್ಟಿ ಎಳುದ್ರೆ ಬಿರಡೆ ಜೊತೆ ಚಪ್ಪಡೀನೂ ಕಿತ್ಕಂಡ್ ಬತ್ತದೆ. ಆಮ್ಯಾಕೆ ಕೆರೆ ನಿಲ್ಲಾಕಿಲ್ಲ.’

‘ಗಾರೆ ಸೊಂಟುದಾಗೆ ಇಕ್ಕಂಡ್ ಹೋಗಿದ್ದಾ?’ ಎಂದ ಚಿಕ್ಕಹನುಮಯ್ಯ. ‘ಬುದ್ಧಿ, ಗಂಡ್ ಮೀನು ಹೆರೋದ್ನ ಕಂಡಿರೋ ಕಣ್ಣು ಇವು. ನೀರಾಗೆ ಏನ್ ಬೇಕಾರೂ ಕಾಣ್ತವೆ.’

ಏರಿಯ ಮೇಲೆ ನಗು ಹಬ್ಬಿತು. ವೀರಭದ್ರಯ್ಯನವರು ನಗಲಿಲ್ಲ. ಎತ್ತು ಕಟ್ಟಿದರೆ ಕೆರೆಯೇ ಹೋದೀತು, ಕಟ್ಟದಿದ್ದರೆ ನಾಟಿ ಒಣಗೀತು. ಅವರು ಕೇಳಿದರು: ‘ಏನ್ಲಾ ಪಾಲ, ತಳದ್ ಹಿಡಿ ತಂದಿವ್ನಿ ಅಂತ ನಿನ್ ಮಾತು ನಂಬಬೇಕು ಅಂತೀಯ. ಆ ಕುದ್ರೆ ಮೀನಿನ ಮಾತೂ ಇಂಗೇಯಾ?’

ಪಾಲಪ್ಪ ನೀರಿನಲ್ಲಿ ಎದೆಯವರೆಗೆ ನಿಂತಿದ್ದ. ಹೌದೆಂದರೆ ಹಿಡಿಯ ಮಾತೂ ಆ ಮಾತಿನ ಜೊತೆಗೇ ಸುಳ್ಳಾಗುತ್ತಿತ್ತು. ಅಲ್ಲವೆಂದರೆ ಐದು ವರ್ಷ ಅವನನ್ನು ನೋಡಿ ನಕ್ಕವರು ಗೆದ್ದಂತಾಗುತ್ತಿತ್ತು.

‘ಅಲ್ಲ ಬುದ್ಧಿ’ ಎಂದ. ‘ಕಲ್ ಮೀನು ನಾನು ಕಂಡಿದ್ದು, ಕೈಯಾಗೆ ಐತೆ. ಹೂವಿನಾಗೆ ಇರೋ ಮೀನು ಕಂಡಿದ್ದು. ಬಣ್ಣ ಬದ್ಲಾಯ್ಸೋದು ಕಂಡಿದ್ದು. ಕಲ್ ತಿಂದು ಮಳ್ಳು ಬುಡೋದು ಕಂಡಿದ್ದು, ಅದರ್ ಮಳ್ಳು ನಮ್ಮನ್ಯಾಗೆ ಐತೆ. ಕುದ್ರೆದು ಕಾಣ್ಲಿಲ್ಲ. ಸಂದ್ಯಾಗೆ ಹೊಟ್ಟೆ ದಪ್ಪ ಇತ್ತು, ಬೆಳಿಗ್ಗೆಗೆ ಮರಿ ಇದ್ವು. ಹೆರೋವಾಗ ನಾನು ಮಲಗಿದ್ದೆ. ಅದು ಗಂಡು ಅನ್ನೋದು ಮೇಷ್ಟ್ರ ಮಾತು, ನಂದಲ್ಲ. ಕೇಳಿದ್ದುನ್ನ ಕಂಡೆ ಅಂದ್ಬುಟ್ಟೆ. ಅದು ನನ್ ತಪ್ಪು.’

ಸುಳ್ಳನೆಂದು ಹೆಸರಾದವನು ತನ್ನ ಸುಳ್ಳಿನ ಅಳತೆಯನ್ನು, ಇಷ್ಟೇ ಎಂದು, ಊರ ಮುಂದೆ ಹೇಳಿದ್ದನ್ನು ಏರಿಯ ಮೇಲಿದ್ದವರು ಹಿಂದೆ ಕೇಳಿರಲಿಲ್ಲ. ಪಟೇಲರು ಚಿಕ್ಕಹನುಮಯ್ಯನ ಕಡೆ ತಿರುಗಿದರು.

‘ನೀನೂ ಮುಳುಗು. ನಿನ್ ಹಿಡಿ ನೀನು ತಾ.’

ಚಿಕ್ಕಹನುಮಯ್ಯ ಅಂಗಿ ಬಿಚ್ಚಿ ನೀರಿಗಿಳಿದ. ಪಾಲಪ್ಪ ತನ್ನ ಕನ್ನಡಕವನ್ನು ಅವನಿಗೆ ಕೊಟ್ಟು, ‘ಮೂಡ್ಲ ಮಗ್ಗುಲಿಗೆ ನೋಡು. ಸಂದಿಯೊಳಕ್ಕೆ ಕೈ ಇಕ್ಕಬ್ಯಾಡ, ಕಲ್ಲು ಕೂತ್ಕತದೆ’ ಎಂದ. ಚಿಕ್ಕಹನುಮಯ್ಯ ಎದ್ದು ಬಂದವನು ಸ್ವಲ್ಪ ಹೊತ್ತು ಕಂಬ ಹಿಡಿದು ಉಸಿರು ಸುಧಾರಿಸಿಕೊಂಡ. ಮುಷ್ಟಿ ಬಿಚ್ಚುವಾಗ ಯಾರ ಮುಖವನ್ನೂ ನೋಡಲಿಲ್ಲ.

‘ಗಾರೇನೇ ಕಣಣ್ಣ’ ಎಂದ.

ಎತ್ತುಗಳನ್ನು ಬಿಚ್ಚಿದರು. ಆ ದಿನದ ಉಳಿದ ಹೊತ್ತು, ಮರುದಿನ ಇಡೀ ಹಗಲು, ಪಾಲಪ್ಪ ಉಳಿ ಹಿಡಿದು ಮುಳುಗಿದ. ಚಪ್ಪಡಿಯನ್ನು ಮುಟ್ಟದೆ, ಕಲ್ಲು ಕಚ್ಚಿದ್ದ ಮಗ್ಗುಲಲ್ಲಿ ಬಿರಡೆಯ ಮರವನ್ನು ಚಕ್ಕೆ ಚಕ್ಕೆಯಾಗಿ ಕೆತ್ತಿದ. ಒಂದು ಉಸಿರಿಗೆ ಏಳೆಂಟು ಏಟು. ಮೇಲೆ ಬಂದಾಗ ಹೊದೆದುಕೊಳ್ಳಲು ಕದರಮ್ಮ ಕಂಬಳಿ ಹಿಡಿದಿರುತ್ತಿದ್ದಳು. ಚಿಕ್ಕಹನುಮಯ್ಯ ಗೋಣಿಚೀಲಗಳಿಗೆ ಜೇಡಿಮಣ್ಣು ತುಂಬಿ, ಚಪ್ಪಡಿಯ ಸುತ್ತ ಇಳಿಸಿ ತುಳಿದ. ಎರಡನೆಯ ದಿನ ಸಂಜೆ ಇಬ್ಬರೇ ಗಳುವನ್ನು ಎತ್ತಿದರು. ಬಿರಡೆ ಮೇಲೆದ್ದಿತು. ಏರಿಯಾಚೆ ಕಾಲುವೆಯ ಬಾಯಲ್ಲಿ ಮೊದಲು ಗುಳುಗುಳು ಸದ್ದು, ಆಮೇಲೆ ನೀರು. ಮುಂದಿನ ಬೇಸಿಗೆಯಲ್ಲಿ ಕೆರೆ ಇಳಿದಾಗ ಕಲ್ಲುಕೆಲಸದವರು ಚಪ್ಪಡಿಯನ್ನು ನೆಟ್ಟಗೆ ಕೂರಿಸಿ ಹೊಸ ಗಾರೆ ಹಾಕಿದರು.

ನೀರು ಬಿಟ್ಟ ವಾರವೇ ನೀರುಗಂಟಿಕೆ ಪಾಲಪ್ಪನಿಗೆ ಎಂದು ತೀರ್ಮಾನವಾಯಿತು. ಹಾಗೆಂದು ಪಟೇಲರ ಮುಂದೆ ಮೊದಲು ಹೇಳಿದವನು ಚಿಕ್ಕಹನುಮಯ್ಯ. ‘ಗಂಡುಬಸುರಿ’ ಎಂಬ ಅಡ್ಡಹೆಸರು ಮಾತ್ರ ಹೋಗಲಿಲ್ಲ. ಆ ಮೀನು ಬಸುರಾದದ್ದು ನಿಜವೋ ಸುಳ್ಳೋ ನೋಡಲು ಬೊಮ್ಮಕ್ಕ ತಾನಾಗಿ ಮನೆಗೆ ಬಂದಳು. ಒಣಗಿದ ಕುದುರೆಯನ್ನು ಅಂಗೈಯಲ್ಲಿಟ್ಟುಕೊಂಡು ಬಾಗಿಲ ಬೆಳಕಿಗೆ ಹಿಡಿದಳು. ಚೀಲದ ಬಾಯನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ ನೋಡಿದಳು. ಒಳಗೆ ಒಂದೆರಡು ಮರಿಗಳು ಉಪ್ಪಿನ ಹರಳಿಗೆ ಅಂಟಿದ ಕೂದಲಿನಂತೆ ಉಳಿದಿದ್ದವು.

‘ಇದು ಹೊತ್ತಿರೋ ಚೀಲಾನೇಯ’ ಎಂದಳು. ‘ಅಷ್ಟು ನಾನು ಹೇಳ್ತೀನಿ. ಗಂಡೋ ಹೆಣ್ಣೋ ಅಂತ ನನ್ ಕೇಳ್ಬ್ಯಾಡಿ. ಮನುಸ್ರಾದ್ರೆ ಹೇಳೇನು.’ ಹೊಸ್ತಿಲು ದಾಟುವಾಗ ತಿರುಗಿ ಕದರಮ್ಮನಿಗೆ, ‘ಗಂಡೇ ಆಗಿದ್ರೆ ಒಳ್ಳೇದು ಕಣಮ್ಮ. ಯಾವ್ದಾದ್ರೂ ಒಂದು ಜಾತಿನಾಗೆ ಗಂಡ್ಸಿಗೂ ಗೊತ್ತಾಗ್ಲಿ’ ಎಂದು ಹೇಳಿ ಹೋದಳು.

ಇದು ಸಾವಿರದ ಒಂಬೈನೂರ ನಲವತ್ತಾರು. ಪಾಲಪ್ಪನಿಗೆ ಐವತ್ತೈದು ಆಗಿದೆ. ಅವನು ಈಗಲೂ ಕರೇಕಲ್ಲಹಳ್ಳಿಯ ನೀರುಗಂಟಿ. ತೂಬು ನೋಡಿ ಬಂದ ದಿನ ಮೊದಲು ಹಿಡಿ ತೋರಿಸುತ್ತಾನೆ, ಆಮೇಲೆ ಮಾತಾಡುತ್ತಾನೆ. ಕಡಲಿನ ವಿಷಯ ಕೇಳಿದರೆ ‘ಇದು ಕಂಡಿದ್ದು’, ‘ಇದು ಕೇಳಿದ್ದು’ ಎಂದು ಬೇರೆ ಬೇರೆ ಹೇಳುತ್ತಾನೆ, ಕೇಳುವವರೂ ಹಾಗೆಯೇ ಬೇರೆ ಬೇರೆ ಕೇಳಿಕೊಳ್ಳುತ್ತಾರೆ. ಮರಳಿನ ಗಂಟುಗಳು ಮೂರಾಗಿವೆ. ಒಂದನ್ನು ಚಿಕ್ಕಹನುಮಯ್ಯ ಕೇಳಿ ಪಡೆದು ತನ್ನ ಮನೆಯಲ್ಲಿಟ್ಟುಕೊಂಡಿದ್ದಾನೆ. ಕಡಲಕುದುರೆ ಉಪ್ಪಿನ ಗಡಿಗೆಯ ಪಕ್ಕದಲ್ಲಿದೆ. ಈ ಸಲ ಕೆರೆಯಲ್ಲಿ ಮುಕ್ಕಾಲ್ಪಾಲು ನೀರಿದೆ, ತೂಬು ಸರಿಯಾಗಿದೆ.